ಅಧಿಕಾರಸ್ಥರನ್ನು ಕರೆಯುವ ಬಗೆ



ಕಳೆದ ಸೋಮವಾರ ಸಂಜೆ ತರುಣ ಭಕ್ತರೊಬ್ಬರು ಅರ್ಜಿಯೊಂದನ್ನು ಹಿಡಿದು ಮಠಕ್ಕೆ ಬಂದರು. ತಮ್ಮೂರಿನ ಕೆರೆಯ ಹೂಳೆತ್ತಿಸಬೇಕೆಂದು ಶಾಸಕರಿಗೂ ಜಿಲ್ಲಾಧಿಕಾರಿಗಳಿಗೂ ಬರೆದ ಅರ್ಜಿ ಅದು. “ಬುದ್ಧಿ, ಇದರಲ್ಲಿ ಬಿರುದುಗಳು ಸಾಲವೆಂದು ಊರವರು ಹೇಳುತ್ತಾರೆ. ತಾವು ಸ್ವಲ್ಪ ಸೇರಿಸಿಕೊಡಬೇಕು” ಎಂದು ಬಿನ್ನವಿಸಿದರು. ಓದಿ ನೋಡಿದೆವು. ಮೊದಲ ಆರು ಸಾಲು ಸ್ತುತಿಯೇ ತುಂಬಿತ್ತು. ಕೆರೆಯ ಮಾತು ಏಳನೆಯ ಸಾಲಿನಲ್ಲಿ ಬಂದಿತು.

ಇದರಲ್ಲಿ ಅವರ ದೋಷವೇನೂ ಇಲ್ಲ. ನಮ್ಮ ಹಿರಿಯರು ಸರಕಾರಕ್ಕೆ ಬರೆಯುತ್ತಿದ್ದ ರೀತಿಯೇ ಅದು. ಮ॥ ರಾ॥ ರಾ॥, ಅಂದರೆ ಮಹಾರಾಜರಾಜಶ್ರೀ ಎಂದು ಮೊದಲುಮಾಡಿ, ನಡುವೆ ಖಾವಂದರು, ಹುಜೂರು ಎಂಬ ಮಾತುಗಳನ್ನು ಹೆಣೆದು, ಪಾದಸೇವಕನೆಂದು ಮುಗಿಸುತ್ತಿದ್ದರು. ಆಗ ಅಧಿಕಾರಿಯು ದೊರೆಯ ನೆರಳಾಗಿದ್ದನು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಆ ಸಂಬಂಧವನ್ನೇ ಬದಲಿಸಿತು. ಅದರ 18ನೆಯ ವಿಧಿಯ ಮೇರೆಗೆ ಸೈನಿಕ ಹಾಗೂ ವಿದ್ಯಾ ಸಂಬಂಧವಾದ ಪದವಿಗಳ ಹೊರತು ಬೇರಾವ ಬಿರುದನ್ನೂ ಸರಕಾರವು ಕೊಡುವಂತಿಲ್ಲ. ಪದ್ಮ ಪ್ರಶಸ್ತಿಗಳನ್ನು ಕೂಡ ಹೆಸರಿನೊಡನೆ ಬಿರುದಿನಂತೆ ಬಳಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. 2012ರಲ್ಲಿ ರಾಷ್ಟ್ರಪತಿಗಳಾಗಿದ್ದ ಪ್ರಣವ ಮುಖರ್ಜಿಯವರು ದೇಶದೊಳಗಿನ ವ್ಯವಹಾರದಲ್ಲಿ ತಮ್ಮನ್ನು ‘ಹಿಸ್ ಎಕ್ಸಲೆನ್ಸಿ’ ಎಂದು ಕರೆಯುವ ರೂಢಿಯನ್ನು ಬಿಡಿಸಿದರು. ಪರದೇಶಗಳ ಗಣ್ಯರೊಡನೆ ವ್ಯವಹರಿಸುವಲ್ಲಿ ಮಾತ್ರ ಅದು ಉಳಿಯಿತು. ರಾಷ್ಟ್ರಪತಿಗಳಿಗೇ ‘ಮಾನ್ಯ’ ಎಂಬ ಮಾತು ಸಾಕಾಗಿರುವಲ್ಲಿ ಮಿಕ್ಕವರಿಗೆ ಸಾಲದೆಂದು ಹೇಳುವರಾರು?

ಹಾಗಾದರೆ ಕ್ರಮವೇನು? ಅದು ಬಹು ಸರಳವಾದುದು. ಪತ್ರದಲ್ಲಿ ಪದವಿಯ ಹೆಸರು, ಕಚೇರಿ, ಊರು. ಅದರ ಕೆಳಗೆ ‘ಮಾನ್ಯರೆ’. ಮಂತ್ರಿಗಳಿಗೂ ಶಾಸಕರಿಗೂ ‘ಮಾನ್ಯ’ ಎಂಬ ಒಂದೇ ವಿಶೇಷಣ. ಎದುರಿನಲ್ಲಿ ‘ತಾವು’ ಎಂಬ ಬಹುವಚನ. ಪದವಿಯಿಂದ ಇಳಿದವರನ್ನು ‘ಮಾಜಿ’ ಎಂದು ಬರೆಯುವುದರಲ್ಲಿ ಅವಮಾನವಿಲ್ಲ. ವಿಧಾನಸಭೆಯಲ್ಲಿ ಸದಸ್ಯರು ಒಬ್ಬರನ್ನೊಬ್ಬರು ನೇರವಾಗಿ ಉದ್ದೇಶಿಸದೆ ‘ಮಾನ್ಯ ಸಭಾಧ್ಯಕ್ಷರೆ’ ಎಂದು ಪೀಠದ ಕಡೆಗೆ ತಿರುಗಿ ಮಾತನಾಡಬೇಕೆಂಬ ನಿಯಮವುಂಟು. ನಾಲಗೆಯ ತುದಿಗೆ ಬಂದ ಏಕವಚನವು ನಡುವೆ ಪೀಠವಿರುವುದರಿಂದ ಅಲ್ಲಿಯೇ ನಿಲ್ಲಲೆಂಬುದು ಅದರ ಉದ್ದೇಶ. (ಪ್ರತಿಸಲವೂ ನಿಲ್ಲುವುದಿಲ್ಲವೆಂಬುದನ್ನು ಪತ್ರಿಕೆ ಓದುವವರು ಬಲ್ಲರು.)

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸದೆ ಹಿಂದಕ್ಕೆ ಕಳುಹಿದ ಕಥೆಯನ್ನು ನೀವೆಲ್ಲ ಕೇಳಿರುವಿರಿ. ಅಳತೆ ಮೀರಿದ ಬಿರುದೂ ಅಂಥ ಅಕ್ಕಿಯೇ. ಅದನ್ನು ಕೊಡುವವನ ಮನಸ್ಸಿನಲ್ಲಿ ಆಸೆ ಇರುವುದು, ಕೊಳ್ಳುವವನ ಮನಸ್ಸಿನಲ್ಲಿ ಮದ ಬೆಳೆಯುವುದು. ಅಂತಹ ಅರ್ಜಿಯಲ್ಲಿ ಹಕ್ಕಿನ ಮಾತು ಭಿಕ್ಷೆಯ ಮಾತಾಗುತ್ತದೆ.

ಇನ್ನೊಂದು ಪಕ್ಕವನ್ನೂ ನೋಡತಕ್ಕದ್ದು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿರಿ. ಮೊದಲಿಗೆ ಕುಲ ಅಥವಾ ಕಾಯಕ, ನಡುವೆ ಹೆಸರು, ಕೊನೆಗೆ ‘ಅಯ್ಯ’. ಲೋಕವು ಯಾರನ್ನು ‘ಎಲವೋ’ ಎಂದು ಕೂಗುತ್ತಿದ್ದಿತೋ ಅವರಿಗೇ ಕಲ್ಯಾಣದಲ್ಲಿ ಅಯ್ಯನೆಂಬ ಮಾತು ಸಂದಿತು. ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರಿಗೆ ಅರಮನೆಯ ಸಂಬೋಧನೆಗಳು ತಿಳಿಯದೆ ಇರಲಿಲ್ಲ. ಆದರೆ ಅವರ ಮರ್ಯಾದೆಯ ಮಾತು ಸಿಂಹಾಸನದ ಕಡೆಗೆ ಹರಿಯದೆ ಶರಣರ ಕಡೆಗೆ ಹರಿಯಿತು. ನಮ್ಮ ನಡೆಯೋ, ಕಚೇರಿಯ ಬಾಗಿಲಲ್ಲಿ ನಿಂತ ಜವಾನರಿಗೆ ‘ಏಯ್’, ಒಳಗೆ ಕುಳಿತವರಿಗೆ ‘ತಾವು’.

ಆ ತರುಣರನ್ನು ಕೇಳಿದೆವು: “ಕೆರೆ ಊರಿನದಲ್ಲವೆ? ನಿಮ್ಮ ಪಂಚಾಯಿತಿಯ ಅಧ್ಯಕ್ಷರಿಗೆ ಏಕೆ ಬರೆಯಲಿಲ್ಲ?” ಅವರು ನಕ್ಕು, “ಅವಳಿಗೇನು ಬರೆಯುವುದು, ಬುದ್ಧಿ? ಕೂಲಿಗೆ ಹೋಗುವವಳು. ಹೇಳಿದ ಕಡೆ ರುಜು ಹಾಕುತ್ತಾಳೆ” ಎಂದರು.

ಆ ಮಾತು ನಮ್ಮನ್ನು ಚುಚ್ಚಿತು; ಏಕೆಂದರೆ ನಮ್ಮಿಂದಲೂ ಅದೇ ತಪ್ಪು ನಡೆದಿದೆ. ಹಿಂದಿನ ವರ್ಷ ಅದೇ ಊರಿನ ಜಾತ್ರೆಯ ಸಮಾರಂಭದಲ್ಲಿ ಶಾಸಕರು ವೇದಿಕೆಗೆ ಬಂದಾಗ “ಬನ್ನಿ, ದಯಮಾಡಿಸಿ” ಎಂದೆವು. ಆ ತಾಯಿ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಅವರನ್ನು “ಬಾರಮ್ಮ, ಅಲ್ಲಿ ಕೂತುಕೋ” ಎಂದು ಕರೆದೆವು. ಇಬ್ಬರೂ ಮತದಿಂದ ಆರಿಸಿ ಬಂದವರೇ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿದ್ದಾರೆ. ಕಾನೂನು ಅವರಿಗೆ ಕುರ್ಚಿಯನ್ನು ಕೊಟ್ಟಿತು. ಬಹುವಚನವನ್ನು ಕೊಡಬೇಕಾದವರು ನಾವು. ತಾಯಿ ಎಂಬ ಪ್ರೀತಿಯಿಂದ ಹಾಗೆ ಕರೆದೆವೆಂದು ಆ ರಾತ್ರಿ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಆದರೆ ಅದೇ ಪ್ರೀತಿಯಿಂದ ಶಾಸಕರನ್ನು “ಬಾರಪ್ಪ” ಎನ್ನಲು ನಮಗೆ ಧೈರ್ಯವಾಗಿರಲಿಲ್ಲ.

ಅರ್ಜಿಯನ್ನು ಹೊಸದಾಗಿ ಬರೆಸಿದೆವು. ಹದಿನಾಲ್ಕು ಸಾಲಿದ್ದುದು ಎಂಟಾಯಿತು. ಕೆರೆಯ ಮಾತು ಮೊದಲ ಸಾಲಿಗೆ ಬಂದಿತು. ಹೂಳು ಎಷ್ಟು ಅಡಿ, ಎಷ್ಟು ಮನೆಗಳ ಬಾವಿಗಳು ಬತ್ತಿವೆ ಎಂಬ ವಿವರಗಳಿಗೆ ಈಗ ಎಡೆ ದೊರೆಯಿತು. ಮೂರು ಪ್ರತಿಗಳಾದುವು. ಮೊದಲನೆಯದರ ಮೇಲೆ ವಿಳಾಸ ಬರೆಯುವಾಗ ತರುಣರ ಕೈ ತುಸು ತಡೆಯಿತು.

“ಅವರಿಗೂ ಮಾನ್ಯ ಎಂದೇ ಬರೆಯಬೇಕೆ, ಬುದ್ಧಿ?”

‘ಅವಳು’ ಹೋಗಿ ‘ಅವರು’ ಬಂದುದನ್ನು ಆತನು ತಾನೇ ಗಮನಿಸಿರಲಿಲ್ಲ. “ಹಾಗೆಯೇ ಬರೆಯಿರಿ” ಎಂದೆವು. ಮಾರನೆಯ ಬೆಳಿಗ್ಗೆ ಆ ಪ್ರತಿಯನ್ನು ಅವರು ಅಧ್ಯಕ್ಷರ ಮನೆಗೆ ಹೋಗಿ ಕೈಯಾರೆ ಕೊಟ್ಟು ಬಂದರು.