ಆಳಕ್ಕೆ ಅವಸರವೇನು?

ಹಿರಿಯೂರು ಸೀಮೆಯಲ್ಲಿ 130 ಅಡಿ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ವಾಣಿವಿಲಾಸ ಸಾಗರ ತುಂಬಿತೆಂಬುದರ ಗುರುತು ಅದು. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಈ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಿಸಿತು. 89 ವರ್ಷ! ಅಷ್ಟೂ ಕಾಲ ಈ ಭಾಗದ ಜನ ನೀರಿನ ಮಟ್ಟ ಕೇಳಿಕೊಂಡು, ಇನ್ನೆಷ್ಟು ಅಡಿ ಬಾಕಿ ಎಂದು ಲೆಕ್ಕ ಹಾಕಿದ್ದೇ ಬಂತು. ಸ್ಕೂಬಾ ಡೈವಿಂಗ್ ಮಾಡುವವರಿಗೂ ಇದೇ ಅಂಕಿ ಗೊತ್ತು. ಹವ್ಯಾಸಕ್ಕೆಂದು ಸಮುದ್ರಕ್ಕಿಳಿಯುವವರು ಇದಕ್ಕಿಂತ ಕೆಳಗೆ ಹೋಗಬಾರದೆಂದು ಹಾಕಿರುವ ಗೆರೆ 130 ಅಡಿ, ಅಂದರೆ 40 ಮೀಟರ್. ಎರಡಕ್ಕೂ ಏನೂ ಸಂಬಂಧವಿಲ್ಲ, ಬರೀ ಕಾಕತಾಳೀಯ. ಆದರೂ ನೀರು ಏರುವುದನ್ನು ಅಷ್ಟು ತಾಳ್ಮೆಯಿಂದ ಕಾದ ಊರಿನವರು ನೀರಿಗಿಳಿಯುವಾಗ ಆತುರಪಡುವುದು ತರವಲ್ಲ.

ಹೊಳಲ್ಕೆರೆಯ ಹುಡುಗಿಯೋ ಹೊಸದುರ್ಗದ ಹುಡುಗನೋ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಸುತ್ತಲಿನ ನೀರಿನಲ್ಲಿ ಸ್ಕೂಬಾ ಕಲಿತು ಬಂದರೆಂದು ಇಟ್ಟುಕೊಳ್ಳಿ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ನೋಡಿದವರಿಗೆ ಆ ಜಾಗ ಹೊಸದಲ್ಲ. ತರಬೇತುದಾರರು ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡು ಮೀನು ತೋರಿಸಿ, ಫೋಟೊ ತೆಗೆದು ಕಳಿಸುವ ಪ್ರವಾಸಿ ಮುಳುಗನ್ನು ನಾನು ಇಲ್ಲಿ ಹೇಳುತ್ತಿಲ್ಲ. ಪಾಠ ಓದಿ, ಪರೀಕ್ಷೆ ಬರೆದು, ಪಡೆದುಕೊಳ್ಳುವ ‘ಓಪನ್ ವಾಟರ್’ ಕಾರ್ಡಿನ ಮಾತು. ಆ ಕಾರ್ಡು ಇದ್ದವರು ಜೊತೆಗಾರರೊಬ್ಬರೊಂದಿಗೆ 18 ಮೀಟರ್‌ವರೆಗೆ ಇಳಿಯಬಹುದು. ಮುಂದೇನು ಎಂಬ ಪ್ರಶ್ನೆ ಮರುದಿನವೇ ಏಳುತ್ತದೆ. ಐದು ಮುಳುಗುಗಳ ‘ಅಡ್ವಾನ್ಸ್ಡ್’ ಮಾಡಿದರೆ 30 ಮೀಟರ್, ಮೇಲೊಂದು ‘ಡೀಪ್’ ಮಾಡಿದರೆ 40. ಇವಲ್ಲದೆ ರಾತ್ರಿ ಮುಳುಗು, ಮುಳುಗಿದ ಹಡಗಿನ ಕೋರ್ಸು, ನೈಟ್ರಾಕ್ಸ್, ರೆಸ್ಕ್ಯೂ. ಪಟ್ಟಿ ದೊಡ್ಡದು, ಒಂದೊಂದಕ್ಕೂ ದುಡ್ಡು ಬೇಕು. ಬಹುತೇಕ ಹೊಸಬರ ಕಣ್ಣು ಹೋಗುವುದು ಆಳದ ಕಡೆಗೇ.

ಆಳ ಏನು ಕೊಡುತ್ತದೆ, ಏನು ಕಸಿಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 40 ಮೀಟರ್ ಕೆಳಗೆ ಎಳೆಯುವ ಒಂದೊಂದು ಉಸಿರಿಗೂ ದಡದ ಐದರಷ್ಟು ಗಾಳಿ ಖರ್ಚು. ದೇಹ ಹೀರಿಕೊಳ್ಳುವ ಸಾರಜನಕದ ಮಿತಿಯೂ ಬೇಗ ಬಂದುಬಿಡುತ್ತದೆ. ಸ್ಕೂಬಾ ತರಬೇತಿ ನೀಡುವ ಪಾಡಿ ಸಂಸ್ಥೆಯ ಕೋಷ್ಟಕದ ಪ್ರಕಾರ 18 ಮೀಟರಿನಲ್ಲಿ 56 ನಿಮಿಷ ಇರಬಹುದಾದರೆ 30 ಮೀಟರಿನಲ್ಲಿ 20, 40 ಮೀಟರಿನಲ್ಲಿ 9 ನಿಮಿಷ ಮಾತ್ರ. 30 ಮೀಟರ್ ಹತ್ತಿರವಾಗುತ್ತಿದ್ದಂತೆ ಆ ಸಾರಜನಕವೇ ಅಮಲೇರಿಸಿ ಬುದ್ಧಿ ಮಂಕಾಗಿಸಬಲ್ಲದು. ಬಣ್ಣಗಳಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ಮರೆಯಾಗುತ್ತದೆ. ನೋಡಲು ಹೋದ ಹವಳ, ಮೀನುಗಳ ಚೆಂದ ಹೆಚ್ಚಾಗಿ ಕಾಣುವುದು ಬೆಳಕು ತಲುಪುವ ಮೇಲಿನ ನೀರಿನಲ್ಲೇ. ನೈಟ್ರಾಕ್ಸ್ ಕಲಿತರೆ ಆಳಕ್ಕೆ ಹೋಗಬಹುದು ಎಂದುಕೊಂಡವರೂ ಇದ್ದಾರೆ. ಆಮ್ಲಜನಕ ಹೆಚ್ಚಿಸಿದ ಆ ಗಾಳಿ ಕೆಳಗೆ ಇರುವ ಹೊತ್ತನ್ನು ಹಿಗ್ಗಿಸುತ್ತದೆ, ಆಳವನ್ನು ಇನ್ನಷ್ಟು ಕುಗ್ಗಿಸುತ್ತದೆ.

ಹಾಗಾದರೆ ಮೊದಲ ಕಾರ್ಡಿನ ನಂತರ ಕಲಿಯಬೇಕಾದದ್ದು ಏನು? ನೀರಿನಲ್ಲಿ ಏರದೆ ಇಳಿಯದೆ ನಿಲ್ಲುವುದು. ಕೇಳಲು ಸುಲಭ, ಮಾಡಲು ಕಷ್ಟ. ಅದರಲ್ಲೂ ಕಡಿಮೆ ಆಳದಲ್ಲೇ ಹೆಚ್ಚು ಕಷ್ಟ. ನೀರಿನ ಮೇಲಿದ್ದ ಗಾಳಿ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಅರ್ಧಕ್ಕೆ ಕುಗ್ಗುತ್ತದೆ. 30ರಿಂದ 40ಕ್ಕೆ ಇಳಿಯುವಾಗ ನಾಲ್ಕನೆಯ ಒಂದು ಭಾಗ ಐದನೆಯ ಒಂದು ಭಾಗವಾಗುತ್ತದೆ, ಅಷ್ಟೇ. ಆದ್ದರಿಂದ ತೇಲುವಿಕೆ ಹದಗೊಳಿಸಲು ತೊಟ್ಟ ಜಾಕೆಟ್ಟಿನ ಗಾಳಿಯ ಆಟ ಜೋರಾಗಿರುವುದು ನೀರಿನ ಮೇಲ್ಮೈಗೆ ಸಮೀಪದಲ್ಲಿ. ಹೊಸಬರು ತಪ್ಪಿ ಮೇಲಕ್ಕೆ ಚಿಮ್ಮುವುದೂ, ಕಾಲ್ರೆಕ್ಕೆಯಿಂದ ಹವಳಕ್ಕೆ ಒದೆಯುವುದೂ ಅಲ್ಲೇ. ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕೆಂಬ ರೂಢಿಯಿದೆ. ಹಗ್ಗ ಹಿಡಿಯದೆ, ಕೈ ಬೀಸದೆ, ಬರೀ ಉಸಿರಾಟದಿಂದ ಆ ಮೂರು ನಿಮಿಷ ನಿಲ್ಲಲು ಬಂತೇ? ಬರುವ ತನಕ ಹಳೆಯ ಮಿತಿಯೊಳಗೇ ಇನ್ನಷ್ಟು ಸಲ ಇಳಿಯುವುದು ಲೇಸು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಸೊರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ ಕಾಲದಲ್ಲಿ ಗಟ್ಟಿಗ ಎಂದರೆ ಉಸಿರು ಬಿಗಿಹಿಡಿದು ತಳ ಮುಟ್ಟಿ, ಸಾಕ್ಷಿಗೆ ಹಿಡಿ ಕೆಸರು ತಂದವನು. ಸ್ಕೂಬಾದ ಮೊದಲ ನಿಯಮ ಅದಕ್ಕೆ ತದ್ವಿರುದ್ಧ: ಉಸಿರು ಹಿಡಿಯಲೇಬಾರದು. ಬಾವಿಗೆ ಹಾರಿದವನ ಎದೆಯಲ್ಲಿದ್ದುದು ದಡದ ಗಾಳಿ. ಅದು ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತಿತ್ತು. ಸಿಲಿಂಡರಿನಿಂದ ಎಳೆದುಕೊಂಡದ್ದು ಆಯಾ ಆಳದ ಒತ್ತಡದ ಗಾಳಿ. ಹತ್ತು ಮೀಟರಿನಲ್ಲಿ ಎದೆ ತುಂಬಿಕೊಂಡು ಬಿಗಿಹಿಡಿದು ಮೇಲೆ ಬಂದರೆ ಅದು ಇಮ್ಮಡಿಯಾಗಲು ನೋಡಿ ಶ್ವಾಸಕೋಶವನ್ನೇ ಹರಿಯಬಹುದು. ಬಾವಿಯಲ್ಲಿ ಗೆದ್ದ ಧೈರ್ಯವಂತರು ಹೆಚ್ಚು ಹೊತ್ತು ಅಭ್ಯಾಸ ಮಾಡಬೇಕಾದದ್ದು ಉಸಿರು ಹಿಡಿಯದಿರುವುದನ್ನು.

ಮನೆಗೆ ಮರಳುವ ದಾರಿಯೂ ಪಾಠದ ಭಾಗವೇ. ಹೀರಿಕೊಂಡ ಸಾರಜನಕ ಮೈಯಲ್ಲಿ ಉಳಿದಿರುವುದರಿಂದ ಮುಳುಗಿದ ಮೇಲೆ ತಕ್ಷಣ ವಿಮಾನ ಹತ್ತಬಾರದು, ಒಂದು ಮುಳುಗಾದರೆ 12 ತಾಸು, ಹಲವು ಮುಳುಗಾದರೆ 18 ತಾಸು ಬಿಡುವಿರಲಿ ಎಂಬುದು ತಜ್ಞರ ಸಲಹೆ. ಇದು ಅನ್ವಯವಾಗುವುದು ಎರಡು ಸಾವಿರ ಅಡಿ, ಅಂದರೆ ಸುಮಾರು 600 ಮೀಟರಿಗಿಂತ ಮೇಲಿನ ಎತ್ತರಕ್ಕೆ. ಚಿತ್ರದುರ್ಗ ಇರುವುದೇ ಸುಮಾರು 730 ಮೀಟರ್ ಎತ್ತರದಲ್ಲಿ! ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ, ಸಂಜೆ ಹೊನ್ನಾವರ ಬಿಟ್ಟು, ಗೇರುಸೊಪ್ಪೆ ಘಟ್ಟ ಹತ್ತಿ, ಸಾಗರ–ಶಿವಮೊಗ್ಗ–ಹೊಳಲ್ಕೆರೆ ಹಾದು ರಾತ್ರಿಯೇ ದುರ್ಗ ಸೇರುವವರು ವಿಮಾನ ಹತ್ತದಿದ್ದರೂ ಎತ್ತರ ಹತ್ತಿರುತ್ತಾರೆ. ಒಂದು ರಾತ್ರಿ ಕರಾವಳಿಯಲ್ಲೇ ಉಳಿಯುವುದು ಯಾವ ಹೊಸ ಕೋರ್ಸಿಗಿಂತಲೂ ಅಗ್ಗದ ಜಾಣತನ.

ನೀರಿನಲ್ಲಿ ಏರದೆ ಇಳಿಯದೆ ನಿಲ್ಲುವುದು ಬಂದ ಮೇಲೆ ಯಾವ ಕೋರ್ಸನ್ನು ಆರಿಸಬೇಕು? ನನ್ನ ಮತ ರೆಸ್ಕ್ಯೂ ಕೋರ್ಸಿಗೆ. ನೇರವಾಗಿ ಅದಕ್ಕೆ ಹಾರಲಾಗದು. ನೀರೊಳಗೆ ದಿಕ್ಕು ಹಿಡಿಯುವ ಪಾಠವಾದರೂ ಆಗಿರಬೇಕು. ಸಾಮಾನ್ಯವಾಗಿ ಅಡ್ವಾನ್ಸ್ಡ್ ಮುಗಿಸಿಯೇ ಜನ ಅಲ್ಲಿಗೆ ಹೋಗುತ್ತಾರೆ. ಅಡ್ವಾನ್ಸ್ಡ್ ಮಾಡಲಿ, ಆದರೆ 30 ಮೀಟರಿನ ಆಸೆಗಲ್ಲ, ರೆಸ್ಕ್ಯೂಗೆ ಮೆಟ್ಟಿಲಾಗಿ ಮಾಡಲಿ. ಜೊತೆಗಾರ ಗಾಬರಿಯಾದಾಗ ಹಿಡಿಯುವುದು ಹೇಗೆ, ಗಾಬರಿಗೆ ಮೊದಲೇ ಅವನ ಕಣ್ಣು, ಕೈಕಾಲು ಏನು ಹೇಳುತ್ತವೆ, ಪ್ರಜ್ಞೆ ತಪ್ಪಿದವನನ್ನು ದಡಕ್ಕೆ ತರುವುದು ಹೇಗೆ ಎಂದು ಕಲಿಸುವ ತರಬೇತಿ ಇದು. ಅಲ್ಲಿಯವರೆಗೆ ನೀರಿಗಿಳಿದವರ ಗಮನವೆಲ್ಲ ತಮ್ಮ ಮೇಲೆಯೇ ಇರುತ್ತದೆ.

ಈ ಆಯ್ಕೆಗೆ ನಮ್ಮ ಜಿಲ್ಲೆಯದೇ ಒಂದು ಕಾರಣವಿದೆ. ಕೊಳವೆಬಾವಿ ಬಂದು ತೆರೆದ ಬಾವಿಗಳು ಬತ್ತಿದವು, ಅವುಗಳೊಂದಿಗೆ ಊರಿನ ಈಜುಶಾಲೆಗಳೂ ಹೋದವು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಕೃಷಿ ಹೊಂಡಗಳು ಎದ್ದವು. ಬರದ ಸೀಮೆಗೆ ಅವು ಬೇಕೇ ಬೇಕು. ಆದರೆ ಪಾಲಿಥಿನ್ ಹಾಸಿದ ಜಾರುವ ದಂಡೆಯಿಂದ ಒಳಗೆ ಬಿದ್ದ ಮಗುವಿಗೆ ಹತ್ತಿ ಬರಲು ಹಿಡಿತವಿಲ್ಲ, ಈಜು ಮೊದಲೇ ಬಾರದು. ರಕ್ಷಿಸಲು ಹಾರಿದ ದೊಡ್ಡವರೂ ಮುಳುಗುತ್ತಾರೆ. ಅಂಥ ಕಡೆ ಒಳಗೆ ಹಾರದೆ ಹಗ್ಗವನ್ನೋ ಸೀರೆಯನ್ನೋ ಎಸೆಯಬೇಕೆಂದು, ಮೇಲೆತ್ತಿದ ಮಗುವನ್ನು ತಲೆಕೆಳಗು ಹಿಡಿದು ನೀರು ಕಕ್ಕಿಸುತ್ತ ಹೊತ್ತು ಕಳೆಯದೆ, ಉಸಿರಾಡದಿದ್ದರೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಬೇಕೆಂದು ತಿಳಿದವರು ಊರಿಗೊಬ್ಬರಾದರೂ ಬೇಕು. ರೆಸ್ಕ್ಯೂ ಕೋರ್ಸಿಗೆ ಸೇರಲು ಬೇಕಾದ ಪ್ರಥಮ ಚಿಕಿತ್ಸೆಯ ಪಾಠ ಹೀಗೆ ಉಸಿರು ಕೊಟ್ಟು ಎದೆ ಒತ್ತುವುದನ್ನೇ ಕಲಿಸುತ್ತದೆ.

ಹಾಗೆಂದು ಕಾರ್ಡು ಬಂದ ಹುರುಪಿನಲ್ಲಿ ಶವ ಹುಡುಕಲು ಹೊಂಡಕ್ಕೋ ವಾಣಿವಿಲಾಸಕ್ಕೋ ಇಳಿಯುವಂತಿಲ್ಲ. ಕೆಸರಿನಲ್ಲಿ ಕೈ ಕಾಣದ ನೀರು, ತೂಬಿನ ಸೆಳೆತ ಇವೆಲ್ಲ ಬೇರೆ ತರಬೇತಿ ಪಡೆದ ಅಗ್ನಿಶಾಮಕ ದಳದವರಿಗೂ ಮುಳುಗುತಜ್ಞರಿಗೂ ಬಿಟ್ಟ ಕೆಲಸ. ನಮ್ಮಂಥ, 300 ಮೀಟರಿಗಿಂತ ಎತ್ತರದ ಸೀಮೆಯ ನೀರಿನಲ್ಲಿ ಸಮುದ್ರದ ಕೋಷ್ಟಕಗಳೂ ಹಾಗೆಯೇ ನಡೆಯುವುದಿಲ್ಲ.

ಮಳೆಗಾಲದಲ್ಲಿ ಕಡಲು ಒರಟಾಗಿ ನೇತ್ರಾಣಿಗೆ ಹೋಗುವ ದೋಣಿಗಳು ನಿಲ್ಲುತ್ತವೆ. ಮುಂದೇನು ಎಂದು ಕೇಳುವ ಹೊಸಬರಿಗೆ ಆ ತಿಂಗಳುಗಳೇ ಒದಗಿ ಬಂದ ಬಿಡುವು. ಪ್ರಥಮ ಚಿಕಿತ್ಸೆ ಕಲಿಯಲು ಸಮುದ್ರ ಬೇಡ. ಈಜುಕೊಳದಲ್ಲಿ ದಮ್ಮು ಬೆಳೆಸಿಕೊಳ್ಳಲು ಕಾರ್ಡು ಬೇಡ. ಸಮುದ್ರ ತೆರೆದಾಗ ತರಬೇತುದಾರರನ್ನು ಎಷ್ಟು ಆಳಕ್ಕೆ ಕರೆದೊಯ್ಯುತ್ತೀರಿ ಎಂದು ಕೇಳುವ ಮೊದಲು, ನಾನು ಐದು ಮೀಟರಿನಲ್ಲಿ ನಿಲ್ಲುವುದನ್ನು ನೋಡಿ ತಿದ್ದುತ್ತೀರಾ ಎಂದು ಕೇಳಲಿ. ಒಪ್ಪುವವರ ಬಳಿ ಮುಂದಿನ ಕೋರ್ಸಿಗೆ ದುಡ್ಡು ಕಟ್ಟಬಹುದು.