ಅಚೌರ್ಯವ್ರತವೂ ಒಬ್ಬ ಸೇವಕಿಯ ನಿಷ್ಠೆಯೂ



ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ತಾನು ಕದಿಯದಿದ್ದರೆ ವ್ರತವು ಪೂರ್ಣವಾಯಿತೆಂದು ಅನೇಕರ ಭಾವನೆ. ಆದರೆ ಆಚಾರ್ಯರು ಈ ವ್ರತದ ಅತಿಚಾರಗಳಲ್ಲಿ, ಪರರು ಕದ್ದು ತಂದುದನ್ನು ಸ್ವೀಕರಿಸುವ 'ತದಾಹೃತಾದಾನ'ವನ್ನೂ ಸೇರಿಸಿದ್ದಾರೆ. ರಾಜಶಾಸನವೇ ಕಳವಿಗೆ ನಿಂತಾಗ ಈ ಮಾತಿನ ಗಾಂಭೀರ್ಯವೆಷ್ಟೆಂಬುದಕ್ಕೆ ಯುರೋಪಿನ ಒಂದು ಕುಟುಂಬದ ಚರಿತ್ರೆಯು ನಿದರ್ಶನವಾಗಿದೆ.

ಎಫ್ರುಸಿ ಎಂಬ ಯಹೂದಿ ಮನೆತನದವರು ಒಡೆಸ್ಸಾ ಬಂದರಿನಲ್ಲಿ ಧಾನ್ಯವ್ಯಾಪಾರದಿಂದ ಮೇಲೆ ಬಂದು, ವಿಯೆನ್ನಾ ಹಾಗೂ ಪ್ಯಾರಿಸ್ ನಗರಗಳಲ್ಲಿ ಬ್ಯಾಂಕು ನಡೆಸಿದರು. ವಿಯೆನ್ನಾದ ರಿಂಗ್‌ಸ್ಟ್ರಾಸೆ ಎಂಬ ಹೆದ್ದಾರಿಯಲ್ಲಿ ಅವರ ಭವ್ಯಸೌಧವಿತ್ತು. ಯಜಮಾನರಾದ ವಿಕ್ಟರ್ ಗ್ರಂಥಪ್ರಿಯರು. ನೆರೆಯ ಜರ್ಮನಿಯಲ್ಲಿ 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. 1935ರಲ್ಲಿ ಅಲ್ಲಿಯ ಯಹೂದಿಗಳ ಪೌರತ್ವವು ಹರಣವಾಯಿತು. ಆದರೂ ವಿಕ್ಟರ್ ತಾವು ತಮ್ಮದೆಂದು ನಂಬಿದ ಆಸ್ಟ್ರಿಯಾವನ್ನು ತೊರೆಯಲಿಲ್ಲ.

1938ರ ಮಾರ್ಚ್ 12ರಂದು ಜರ್ಮನ್ ಸೈನ್ಯವು ಆಸ್ಟ್ರಿಯಾವನ್ನು ಪ್ರವೇಶಿಸಿತು. ಸೌಧವು ಲೂಟಿಗೊಳಗಾಯಿತು. ಬಂಧನದಲ್ಲಿದ್ದ ವಿಕ್ಟರ್ ಬೆದರಿಕೆಗೆ ಸಿಲುಕಿ ಸರ್ವಸ್ವವನ್ನೂ ಬರೆದುಕೊಟ್ಟರು. ಏಪ್ರಿಲಿನಲ್ಲಿ, 5,000 ಮಾರ್ಕಿಗೂ ಹೆಚ್ಚಿನ ಆಸ್ತಿಯುಳ್ಳ ಯಹೂದಿಗಳೆಲ್ಲರೂ ಅದರ ಪಟ್ಟಿ ಸಲ್ಲಿಸಬೇಕೆಂಬ ಆಜ್ಞೆ ಹೊರಟಿತು. ಹೀಗೆ ಅಪಹರಣವು ಕಾಗದಪತ್ರಗಳ ವೇಷ ತೊಟ್ಟಿತು. ನ್ಯಾಯಶಾಸ್ತ್ರ ಓದಿದ್ದ ಮಗಳು ಎಲಿಜಬೆತ್ ಪರದೇಶದಿಂದ ಬಂದು ತಾಯಿತಂದೆಯರ ಬಿಡುಗಡೆಗಾಗಿ ಕಚೇರಿಗಳನ್ನು ಅಲೆದರು. ಪತ್ನಿ ಎಮ್ಮಿ ಅದೇ ಅಕ್ಟೋಬರದಲ್ಲಿ ತೀರಿಕೊಂಡರು. 1939ರಲ್ಲಿ ಇಂಗ್ಲೆಂಡನ್ನು ಸೇರಿದಾಗ ವಿಕ್ಟರರ ಕೈಯಲ್ಲಿ ಒಂದು ಪೆಟ್ಟಿಗೆ, ಗಡಿಯಾರದ ಸರಪಳಿಯಲ್ಲಿ ಕಳೆದುಹೋದ ಪುಸ್ತಕದ ಕಪಾಟಿನ ಬೀಗದ ಕೈ, ಇಷ್ಟೇ ಇದ್ದವು. 1945ರಲ್ಲಿ ಅವರು ಅಲ್ಲಿಯೇ ನಿಧನರಾದರು. ನಾಡಿನಲ್ಲುಳಿದ ಬಡ ಯಹೂದಿಗಳಿಗೆ ಆ ಬಿಡುಗಡೆಯೂ ದೊರೆಯಲಿಲ್ಲ. ಆಸ್ಟ್ರಿಯಾದ 65,000ಕ್ಕೂ ಹೆಚ್ಚು ಯಹೂದಿಗಳು ಕೊಲೆಯಾದರು.

ಇದೆಲ್ಲವೂ ಅವರ ಕರ್ಮಫಲವೆಂದು ಹೇಳಿ ಸುಮ್ಮನಾಗುವುದು ಕರುಣೆಯಲ್ಲ. ಬಲಾತ್ಕಾರದಿಂದ ಕಸಿದುದು ತ್ಯಾಗವಾಗಲಾರದು. ಅನ್ನ ಸಿಗದವನ ಹಸಿವು ಉಪವಾಸವಾಗಲಾರದು. ನೊಂದವನಲ್ಲಿ ದೋಷವನ್ನು ಹುಡುಕುವವನು ನೋಯಿಸಿದವನ ಭಾರವನ್ನು ಹಗುರಗೊಳಿಸುತ್ತಾನೆ.

ಆ ಮನೆಯಲ್ಲಿ ಅನ್ನಾ ಎಂಬ ಯಹೂದಿಯೇತರ ಸೇವಕಿಯಿದ್ದಳು. ಒಡೆಯರ ವಸ್ತುಗಳನ್ನು ಕಟ್ಟಿಕೊಡುವ ಕೆಲಸವನ್ನು ಲೂಟಿಗಾರರು ಅವಳಿಗೇ ಒಪ್ಪಿಸಿದರು. ಕುಟುಂಬದವರು ಹೇಳಿಕೊಂಡು ಬಂದಂತೆ, ದಂತ ಹಾಗೂ ಮರದಿಂದ ಕೆತ್ತಿದ ಜಪಾನಿನ ಪುಟ್ಟ ಪ್ರತಿಮೆಗಳನ್ನು ಅವಳು ದಿನಕ್ಕೆ ಕೆಲವಂತೆ ಮೇಲುಡುಪಿನ ಜೇಬಿನಲ್ಲಿಟ್ಟು ತಂದು, ತನ್ನ ಹಾಸಿಗೆಯೊಳಗೆ ಬಚ್ಚಿಟ್ಟಳು. 1945ರ ಡಿಸೆಂಬರಿನಲ್ಲಿ ಎಲಿಜಬೆತ್ ಮರಳಿ ಬಂದಾಗ 264 ಪ್ರತಿಮೆಗಳನ್ನೂ ಒಪ್ಪಿಸಿದಳು. ಮಾರಿದ್ದರೆ ಕೇಳುವವರಿರಲಿಲ್ಲ, ಇಟ್ಟುಕೊಂಡಿದ್ದರೆ ತಿಳಿಯುವವರಿರಲಿಲ್ಲ. ನೆರೆಹೊರೆಯವರು ಹರಾಜಿನಲ್ಲಿ ಅಗ್ಗಕ್ಕೆ ಕೊಂಡು ರಸೀದಿ ಪಡೆದು ನಿಶ್ಚಿಂತರಾಗಿದ್ದ ದಿನಗಳವು.

ಪರ್ವದಿನಗಳಲ್ಲಿ ಉಪವಾಸ ಕೈಗೊಳ್ಳುವ ಗೃಹಸ್ಥನು ತನ್ನ ಮನೆಯ ವಸ್ತುಗಳ ಕಡೆಗೂ ಒಮ್ಮೆ ಕಣ್ಣೆತ್ತಿ ನೋಡಲಿ. ಇದು ಯಾರ ಕಣ್ಣೀರಿನಿಂದ ಅಗ್ಗವಾಯಿತು? ಕಾನೂನು ಒಪ್ಪಿತೆಂದು ತನ್ನ ಆತ್ಮವೂ ಒಪ್ಪಿತೇ? ಉಪವಾಸದ ದಿನ ಈ ಪ್ರಶ್ನೆಯನ್ನು ಕೇಳಿಕೊಂಡು, ಮರುದಿನ ಅನ್ಯರದನ್ನು ಅನ್ಯರಿಗೆ ಹಿಂದಿರುಗಿಸಿದವನ ಪಾರಣೆಯೇ ನಿಜವಾದ ಪಾರಣೆ.