ಜೀರ್ಣಯಂತ್ರವೂ ನೂತನಾವಯವವೂ

ಹಳೆಯ ವಸ್ತುವೊಂದನ್ನು ಸರಿಪಡಿಸಲು ಕೈಯಿಕ್ಕುವವನು ಎರಡು ಋಣಗಳಿಗೆ ಒಳಗಾಗುತ್ತಾನೆ. ಅದನ್ನು ನಿರ್ಮಿಸಿ ಹೋದವರಿಗೆ ಸಲ್ಲತಕ್ಕ ಋಣವೊಂದು. ಅದನ್ನು ಇಂದು ಬಳಸುವವರಿಗೆ ಸಲ್ಲತಕ್ಕ ಋಣ ಮತ್ತೊಂದು. ಮೊದಲನೆಯದು ಇದ್ದುದನ್ನು ಇದ್ದಂತೆಯೇ ಉಳಿಸೆಂದು ವಿಧಿಸುತ್ತದೆ. ಎರಡನೆಯದು ಕೆಟ್ಟುದನ್ನು ಕಿತ್ತುಹಾಕೆಂದು ವಿಧಿಸುತ್ತದೆ. ಇವೆರಡಕ್ಕೂ ವಿರೋಧವೊದಗಿದಾಗ ಧರ್ಮವು ಯಾವ ಪಕ್ಷದಲ್ಲಿ ನಿಲ್ಲುವುದೆಂಬುದು ವಿಚಾರಣೀಯವಾದ ವಿಷಯ. ವಿಷಯವು ಗಹನವಾದಷ್ಟೂ ದೃಷ್ಟಾಂತವು ಸರಳವಾಗಿರುವುದು ಲೇಸು. ಆದುದರಿಂದ ಹಳೆಯ ಮೋಟಾರು ಗಾಡಿಯ ಎರಡು ಕೀಲುಗಳನ್ನೂ ಎರಡು ಸ್ಪ್ರಿಂಗುಗಳನ್ನೂ ತೆಗೆದುಕೊಳ್ಳಬಹುದು.

ಎಂಜಿನ್ನಿನ ಮೇಲಣ ಮುಚ್ಚಳವನ್ನು ಇಂಗ್ಲೆಂಡಿನವರು ಬಾನೆಟ್ಟೆಂದೂ ಅಮೆರಿಕಾದವರು ಹುಡ್ಡೆಂದೂ ಕರೆಯುತ್ತಾರೆ. 1950ರ ದಶಕದ ಅಮೆರಿಕಾದ ಅನೇಕ ಗಾಡಿಗಳಲ್ಲಿ ಇದು ಒಂದೇ ಅಖಂಡವಾದ ಭಾರಿಯ ಉಕ್ಕಿನ ತಗಡು. ಅದರ ಹಿಂಬದಿಯ ಎರಡು ಮೂಲೆಗಳಲ್ಲಿ ಒಂದೊಂದು ಕೀಲು. ಒಂದೊಂದು ಕೀಲಿಗೆ ಒಂದೊಂದು ಬಲವಾದ ಸುರುಳಿ ಸ್ಪ್ರಿಂಗು. ತೆರೆದ ಮುಚ್ಚಳವನ್ನು ಎತ್ತಿ ಹಿಡಿದಿರುವುದು ಈ ಸ್ಪ್ರಿಂಗುಗಳ ಬಲವೇ ಹೊರತು ಬೇರೊಂದಲ್ಲ. ಕಾಲಕ್ರಮದಲ್ಲಿ ಸ್ಪ್ರಿಂಗು ಸೊರಗುತ್ತದೆ. ಕೀಲಿನ ರಿವೆಟ್ಟುಗಳು ಸವೆಯುತ್ತವೆ. ಎಣ್ಣೆ ಕಾಣದ ಕೀಲು ಬಿಗಿದುಕೊಂಡರೆ, ಮುಚ್ಚಳವನ್ನು ಒತ್ತಿ ಮುಚ್ಚುವಾಗ ಕೀಲಿನ ಬಳಿ ತಗಡೇ ಮಡಿಯುತ್ತದೆ. ಹೊರಗಿನಿಂದ ನೋಡುವವನಿಗೆ ಇವು ಒಂದೂ ಕಾಣಿಸುವುದಿಲ್ಲ. ಎಂಜಿನ್ನಿನೊಳಕ್ಕೆ ಬಗ್ಗಿ ನೋಡುತ್ತಿರುವವನ ಕುತ್ತಿಗೆಯ ಮೇಲೆ ಮುಚ್ಚಳವು ಕುಸಿದಾಗಲೇ ಅದರ ದೌರ್ಬಲ್ಯವು ಪ್ರಕಟವಾಗುವುದು.

ಇವುಗಳನ್ನು ಬದಲಿಸುವ ಕ್ರಮವನ್ನು ಬಲ್ಲವರು ಅವಸರಪಡುವುದಿಲ್ಲ. ಸ್ಪ್ರಿಂಗು ಹಿಗ್ಗಿರುವಾಗಲೇ ಅದರ ಸುತ್ತುಗಳ ನಡುವೆ ವಾಷರುಗಳನ್ನು ಸೇರಿಸಿ, ಅದು ಮರಳಿ ಕುಗ್ಗದಂತೆ ಮಾಡಿ, ಅನಂತರ ಕೊಂಡಿಯಿಂದ ಬಿಡಿಸುತ್ತಾರೆ. ಇಲ್ಲವಾದರೆ ಅದರಲ್ಲಡಗಿದ ಬಲವು ಬೆರಳುಗಳನ್ನು ಜಜ್ಜೀತು. ಕೀಲಿನ ಬೋಲ್ಟುಗಳನ್ನು ಸಡಿಲಿಸುವ ಮೊದಲು ಕೀಲಿನ ಅಂಚಿನ ಸುತ್ತಲೂ ಗೆರೆಯೆಳೆದುಕೊಳ್ಳುತ್ತಾರೆ. ಹೊಸ ಕೀಲು ಆ ಗೆರೆಯೊಳಗೆ ಕುಳಿತರೆ ಮುಚ್ಚಳವು ಮೊದಲಿನ ಸ್ಥಾನಕ್ಕೆ ಸುಲಭವಾಗಿ ಬರುತ್ತದೆ. ಇಬ್ಬರು ಎರಡು ಕಡೆಗಳಲ್ಲಿ ನಿಂತು ಮುಚ್ಚಳವನ್ನು ಹಿಡಿದಿರುತ್ತಾರೆ. ಒಂದೇ ಸ್ಪ್ರಿಂಗು ಸೊರಗಿದ್ದರೂ ಎರಡನ್ನೂ ಬದಲಿಸುತ್ತಾರೆ. ಬಲವು ವಿಷಮವಾದರೆ ಮುಚ್ಚಳವು ವಾರೆಯಾಗುತ್ತದೆ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: 'ಇಂದು ಸ್ಪ್ರಿಂಗು, ನಾಳೆ ಕೀಲು, ನಾಡಿದ್ದು ಮುಚ್ಚಳವೇ, ಹೀಗಾದರೆ ಹಳೆಯ ಗಾಡಿಯೆಂಬುದು ಎಲ್ಲಿ ಉಳಿಯಿತು?' ಈ ಆಕ್ಷೇಪವು ಹೊಸದಲ್ಲ. ಥೀಸಿಯಸ್ಸನ ಹಡಗಿನ ಕೊಳೆತ ಹಲಗೆಗಳನ್ನು ಅಥೆನ್ಸಿನ ಜನರು ಒಂದೊಂದಾಗಿ ಬದಲಿಸುತ್ತ ಬಂದುದರಿಂದ ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞರು ವಾದಿಸಿದರೆಂದು ಪ್ಲೂಟಾರ್ಕನು ಬರೆದಿದ್ದಾನೆ. 1655ರಲ್ಲಿ ಹಾಬ್ಸನು ಇದಕ್ಕೆ ಮತ್ತೊಂದು ತೊಡಕನ್ನು ಸೇರಿಸಿದನು: ತೆಗೆದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ ಎರಡರಲ್ಲಿ ನಿಜವಾದ ಹಡಗು ಯಾವುದು? ನಮ್ಮ ದೇಶದ ವೈಶೇಷಿಕರಾದರೋ, ಅವಯವವೊಂದು ಕಳಚಿದೊಡನೆ ಪೂರ್ವದ ಅವಯವಿಯು ನಾಶವಾಗಿ ಬೇರೊಂದು ಅವಯವಿಯು ಹುಟ್ಟುವುದೆಂದು ನಿಷ್ಠುರವಾಗಿ ಹೇಳಿದರು. ಬೌದ್ಧರು ಇನ್ನೂ ಮುಂದಕ್ಕೆ ಹೋದರು. ನಾಗಸೇನನು ಮಿಲಿಂದ ರಾಜನಿಗೆ, ಗಾಲಿ ಅಚ್ಚು ಮೂಕಿಗಳ ಹೊರತು ರಥವೆಂಬ ಬೇರೊಂದು ವಸ್ತುವಿಲ್ಲವೆಂದೂ ರಥವೆಂಬುದು ವ್ಯವಹಾರದ ಹೆಸರು ಮಾತ್ರವೆಂದೂ ತೋರಿಸಿಕೊಟ್ಟನು.

ಶಾಸ್ತ್ರದಲ್ಲಿ ಹೀಗಿರಲಿ, ವ್ಯವಹಾರದಲ್ಲಿ ಈ ಪ್ರಶ್ನೆಯು ನ್ಯಾಯಸ್ಥಾನದ ಮೆಟ್ಟಿಲನ್ನೂ ಏರಿದುದುಂಟು. 1929 ಮತ್ತು 1930ರ ಎರಡು ವರ್ಷಗಳಲ್ಲಿಯೂ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಬೆಂಟ್ಲಿ ಗಾಡಿಗೆ 'ಓಲ್ಡ್ ನಂಬರ್ ಒನ್' ಎಂದು ಹೆಸರು. ಪಂದ್ಯದಿಂದ ಪಂದ್ಯಕ್ಕೆ ಅದರ ಭಾಗಗಳು ಬದಲಾದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅದು ಭೀಕರ ಅಪಘಾತಕ್ಕೆ ಗುರಿಯಾಗಿ ಚಾಲಕನು ಮಡಿದನು. ಆ ಬಳಿಕ ಅದಕ್ಕೆ ಬೇರೊಂದು ಮೈಯನ್ನೇ ಕಟ್ಟಲಾಯಿತು. ಮುಂದೆ ಅದನ್ನು ಒಂದು ಕೋಟಿ ಪೌಂಡುಗಳಿಗೆ ಕೊಳ್ಳಲೊಪ್ಪಿದವರು, ಇದು ಆ ಗಾಡಿಯೇ ಅಲ್ಲವೆಂದು ಹಿಂಜರಿದರು. 1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಟನ್ನರು ತೀರ್ಪಿತ್ತರು. 1929ರ ಭಾಗಗಳಲ್ಲಿ ಉಳಿದುದು ಅತ್ಯಲ್ಪವೆಂಬುದನ್ನು ಅವರು ಮರೆಮಾಚಲಿಲ್ಲ. ಆದರೆ ಅದರ ಚರಿತ್ರೆಯು ಎಲ್ಲಿಯೂ ಕಡಿದುಹೋಗಿಲ್ಲವಾದುದರಿಂದಲೂ, ಆ ಹೆಸರಿಗೆ ಬೇರಾವ ಗಾಡಿಯೂ ನ್ಯಾಯವಾದ ಹಕ್ಕುದಾರನಲ್ಲವಾದುದರಿಂದಲೂ, ಇದೇ ಯಥಾರ್ಥವಾದ ಓಲ್ಡ್ ನಂಬರ್ ಒನ್ ಎಂದು ನಿರ್ಣಯಿಸಿದರು.

ಈ ನಿರ್ಣಯದಲ್ಲಿ ಸೂಕ್ಷ್ಮವೊಂದಿದೆ. ಮೂಲದ್ರವ್ಯವೆಂಬುದು ಬೇರೆ, ಯಾಥಾರ್ಥ್ಯವೆಂಬುದು ಬೇರೆ. ಮೂಲದ್ರವ್ಯವು ಕಬ್ಬಿಣದಲ್ಲಿದೆ, ಅದು ಸವೆಯುವುದು ಅನಿವಾರ್ಯ. ಯಾಥಾರ್ಥ್ಯವು ಕಡಿಯದ ಪರಂಪರೆಯಲ್ಲಿಯೂ ಅದನ್ನು ಕುರಿತ ನಿಜವಾದ ನುಡಿಯಲ್ಲಿಯೂ ಇದೆ. ಅದನ್ನು ಕಾಪಾಡುವುದು ಮನುಷ್ಯನ ಕೈಯಲ್ಲಿದೆ. ಸಂಜೆ ಹಚ್ಚಿದ ದೀಪದ ಉರಿಯನ್ನು ಬೆಳಗಿನ ಜಾವ ಕಂಡವನು ಅದೇ ಉರಿಯೆಂದು ಗುರುತಿಸುತ್ತಾನೆ. ನೈಯಾಯಿಕನು ಅದನ್ನು ಸಾದೃಶ್ಯದಿಂದುಂಟಾದ ಭ್ರಮೆಯೆನ್ನುತ್ತಾನೆ. ಆದರೆ ರಾತ್ರಿಯೆಲ್ಲ ಎಣ್ಣೆಯೆರೆಯುತ್ತ ಕುಳಿತವನು ಆ ಭ್ರಮೆಗೊಳಗಾದವನಲ್ಲ. ಎಷ್ಟು ಎಣ್ಣೆ ಸುಟ್ಟಿತು, ಬತ್ತಿಯನ್ನು ಎಷ್ಟು ಬಾರಿ ಬದಲಿಸಿದೆನು ಎಂಬುದನ್ನು ಅವನು ಬಲ್ಲನು. ಕೇಳಿದವರಿಗೆ ಹೇಳಲೂ ಬಲ್ಲನು.

ಹಾಗಾದರೆ ಏನನ್ನು ಉಳಿಸಬೇಕು, ಏನನ್ನು ತೆಗೆಯಬೇಕು? ಇದಕ್ಕೆ ಹಿಂಸೆಯೇ ಒರೆಗಲ್ಲು. ಮಾಸಿದ ಬಣ್ಣದಿಂದಲೂ ಹರಿದ ಪೀಠದಿಂದಲೂ ಯಾರಿಗೂ ಗಾಯವಾಗುವುದಿಲ್ಲ. ಅವನ್ನು ಬಿಟ್ಟರೆ ದೋಷವಿಲ್ಲ. ಕೀಲಿನ ತೋಳುಗಳು ನೆಟ್ಟಗಿದ್ದರೆ ಸವೆದ ರಿವೆಟ್ಟುಗಳನ್ನಷ್ಟೇ ಬದಲಿಸಿ ಉಳಿದುದನ್ನು ಉಳಿಸಬಹುದು. ಆದರೆ ಸೊರಗಿದ ಸ್ಪ್ರಿಂಗಿಗೆ ಎಷ್ಟು ಬಣ್ಣ ಬಳಿದರೂ ಬಲವು ಮರಳಿ ಬಾರದು. ಪ್ರಾಚೀನತೆಯ ಗೌರವಕ್ಕಾಗಿ ಪರರ ತಲೆಯನ್ನು ಒತ್ತೆಯಿಡುವ ಅಧಿಕಾರವು ಯಾವ ಒಡೆಯನಿಗೂ ಇಲ್ಲ.

ಬದಲಿಸಿದ ಮೇಲೆ ಉಳಿಯುವುದು ಸತ್ಯದ ಕರ್ತವ್ಯ. ಪುರಾತನ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ರಚಿತವಾದ ವೆನಿಸ್ ಸನ್ನದು, ಹೊಸದಾಗಿ ಸೇರಿಸಿದ ಭಾಗವು ಒಟ್ಟಿನೊಡನೆ ಹೊಂದಿಕೊಂಡಿದ್ದರೂ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕೆಂದು ವಿಧಿಸಿತು. ಹಳೆಯ ವಾಹನಗಳಿಗಾಗಿ ಇತ್ತೀಚೆಗೆ ರಚಿಸಿದ ಟೂರಿನ್ ಸನ್ನದು ಅದೇ ಮಾರ್ಗವನ್ನು ಹಿಡಿದಿದೆ. ಹೊಸ ಸ್ಪ್ರಿಂಗಿನ ಮರೆಯ ಬದಿಯಲ್ಲಿ ಒಂದು ಗುರುತು, ಗಾಡಿಯ ಪುಸ್ತಕದಲ್ಲಿ ತಾರೀಖಿನೊಡನೆ ಒಂದು ಸಾಲು, ತೆಗೆದ ಹಳೆಯದನ್ನು ಚೀಟಿ ಕಟ್ಟಿ ಇರಿಸಿದ ಒಂದು ಪೆಟ್ಟಿಗೆ — ಇಷ್ಟು ಸಾಕು.

'ಹೀಗೆ ಬರೆದಿಟ್ಟರೆ ಗಾಡಿಯ ಬೆಲೆ ಇಳಿದೀತು' ಎಂದು ಪೂರ್ವಪಕ್ಷಿಯು ಕಡೆಯದಾಗಿ ಹೇಳಿಯಾನು. ಇಳಿಯಬಹುದು. ಸತ್ಯಕ್ಕೆ ತೆರಬೇಕಾದ ಬೆಲೆ ಅದು. ಹೊಸ ಸ್ಪ್ರಿಂಗಿಗೆ ತುಕ್ಕಿನ ಬಣ್ಣ ಬಳಿದು ಹಳೆಯದೆಂದು ಮಾರುವವನು ಕೊಂಡವನನ್ನು ಮಾತ್ರ ವಂಚಿಸಿದಂತಾಗಲಿಲ್ಲ; ಆ ಹಳೆಯದನ್ನು ಮಾಡಿದ ಕಮ್ಮಾರನ ಹೆಸರಿನಲ್ಲಿ ಸುಳ್ಳುಸಾಕ್ಷಿಯನ್ನೂ ನುಡಿದಂತಾಯಿತು. ಆ ಕಮ್ಮಾರನು ಎದ್ದು ಬಂದು ಅಲ್ಲವೆನ್ನಲಾರನು. ಹೇಳಲು ನಾಲಗೆಯಿಲ್ಲದವರ ಪರವಾಗಿ ನಿಜವನ್ನು ನುಡಿಯುವುದೇ ಅವರಿಗೆ ಸಲ್ಲತಕ್ಕ ಋಣವನ್ನು ತೀರಿಸುವ ಮಾರ್ಗ. ಮುಚ್ಚಳದ ಕೆಳಗೆ ಬಗ್ಗುವವನ ತಲೆಯನ್ನು ಕಾಯುವುದು ಎರಡನೆಯ ಋಣವನ್ನು ತೀರಿಸುವ ಮಾರ್ಗ. ಹೊಸ ಸ್ಪ್ರಿಂಗೊಂದು, ಅದರ ವಿಷಯವಾಗಿ ಬರೆದ ನಿಜವಾದ ಸಾಲೊಂದು, ಇವೆರಡೂ ಕೂಡಿದಲ್ಲಿ ಋಣಗಳಿಗೆ ವಿರೋಧವೇ ಇಲ್ಲ.